ಕೈ ನೆಲ ಮುಟ್ಟದಿದ್ದರೂ ನಡೆಯುತ್ತೆ: ಮನೆಯಲ್ಲಿ ಅಯ್ಯಂಗಾರ್ ಯೋಗ ಶುರು ಮಾಡುವ ಬಗೆ

‘ಅಯ್ಯಂಗಾರ್ ಯೋಗ ಕಲಿಯೋ ಆಸೆ, ಆದರೆ ಮೈ ಬಗ್ಗೋದೇ ಇಲ್ಲ, ಏನು ಮಾಡಲಿ?’ ಓದುಗರು ತಿರುತಿರುಗಿ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ: ಏನೇನು ಸಾಮಾನು ಕೊಳ್ಳಬೇಕು, ಫ್ಲ್ಯಾಟಿನ ಪುಟ್ಟ ರೂಮಿನಲ್ಲಿ ಮಾಡೋಕಾಗುತ್ತಾ? ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇವೆ. ಮೈ ಬಗ್ಗದಿರುವುದು ಅಡ್ಡಿಯೇನೂ ಆಗುವುದಿಲ್ಲ. ನೆಲಕ್ಕೆ ನೀವು ಬಗ್ಗಲಾಗದಿದ್ದರೆ ನೆಲವನ್ನೇ ನಿಮ್ಮ ಕೈಯೆತ್ತರಕ್ಕೆ ತರಲು ಈ ಪದ್ಧತಿಯಲ್ಲಿ ಇಟ್ಟಿಗೆ, ಕುರ್ಚಿ, ಬೆಲ್ಟು ಇವೆ.

ಹಿನ್ನೆಲೆ ನಾಲ್ಕೇ ಮಾತಿನಲ್ಲಿ. ಬಿ.ಕೆ.ಎಸ್. ಅಯ್ಯಂಗಾರ್ (1918–2014) ಹುಟ್ಟಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಮೈಸೂರಿನಲ್ಲಿ ತಮ್ಮ ಭಾವ ತಿರುಮಲೈ ಕೃಷ್ಣಮಾಚಾರ್ಯರಿಂದ ಕಲಿತು, 1937ರಲ್ಲಿ ಪುಣೆಗೆ ಹೋಗಿ ಅಲ್ಲೇ ನೆಲೆ ನಿಂತರು. ಪತ್ನಿ ರಮಾಮಣಿಯವರ ಹೆಸರಿನ ಸಂಸ್ಥೆ 1975ರಲ್ಲಿ ಶುರುವಾಯಿತು. ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರು ಮೈಸೂರಿನಲ್ಲಿ ಬೆಳೆಸಿದ್ದು ಅಷ್ಟಾಂಗ ವಿನ್ಯಾಸ. ಅಲ್ಲಿ ಉಸಿರಿನ ಲೆಕ್ಕಕ್ಕೆ ಒಂದಾದ ಮೇಲೊಂದು ಆಸನ ಹರಿಯುತ್ತದೆ, ಮೈ ಬೆವೆತುಹೋಗುತ್ತದೆ. ಅಯ್ಯಂಗಾರ್ ಯೋಗದಲ್ಲಿ ಒಂದೇ ಆಸನದಲ್ಲಿ ನಿಂತು ಹಿಮ್ಮಡಿ ಎಲ್ಲಿದೆ, ಮಂಡಿ ಯಾವ ಕಡೆ ನೋಡುತ್ತಿದೆ ಎಂದು ವಿಚಾರಿಸಿಕೊಳ್ಳುವ ಕೆಲಸ. ಹೀಗೆ ಅಂಗಾಂಗಗಳನ್ನು ಅವುಗಳ ಸಾಲಿನಲ್ಲಿ ಕೂರಿಸುವುದಕ್ಕೇ ‘ಅಲೈನ್‌ಮೆಂಟ್’ ಎನ್ನುತ್ತಾರೆ. ರಥಸಪ್ತಮಿಗೆ 108 ಸೂರ್ಯನಮಸ್ಕಾರ ಹಾಕಿ ರೂಢಿ ಇರುವವರಿಗೆ ಮೊದಲ ವಾರ ‘ಏನೂ ಮಾಡ್ಲೇ ಇಲ್ವಲ್ಲ’ ಅನ್ನಿಸುತ್ತದೆ. ಮಾರನೇ ದಿನ ತೊಡೆಗಳು ಬೇರೆಯೇ ಹೇಳುತ್ತವೆ.

ಶುರು ಮಾಡುವ ಮುನ್ನ

ಬೆನ್ನಿನ ಡಿಸ್ಕ್ ತೊಂದರೆ, ಹತೋಟಿಗೆ ಬಾರದ ಬಿಪಿ, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರಕ್ಕೆ ಪೆಟ್ಟಾಗುವ ಕಾಯಿಲೆ), ಹೃದಯದ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಈ ಲೇಖನ ನೋಡಿಕೊಂಡು ಮನೆಯಲ್ಲಿ ಒಬ್ಬರೇ ಶುರು ಮಾಡಬೇಡಿ. ವೈದ್ಯರನ್ನು ಕೇಳಿ, ಆಮೇಲೆ ಅನುಭವಿ ಶಿಕ್ಷಕರ ಎದುರಿಗೇ ಮಾಡಿ. ಮುಟ್ಟಿನ ದಿನಗಳಲ್ಲಿ ತಲೆಕೆಳಗಾಗುವ ಆಸನ, ನಿಂತು ಮಾಡುವ ಶ್ರಮದ ಆಸನ ಬಿಟ್ಟು ಮಲಗಿ ಇಲ್ಲವೇ ಕೂತು ಆರಾಮವಾಗಿ ಮಾಡುವುದನ್ನಷ್ಟೇ ಇಟ್ಟುಕೊಳ್ಳುವುದು ಈ ಪದ್ಧತಿಯ ರೂಢಿ.

ಊಟವಾಗಿ ಮೂರು–ನಾಲ್ಕು ಗಂಟೆ ಬಿಟ್ಟಿರಬೇಕು. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದರೆ ಲೋಕವೇನೂ ಮುಳುಗುವುದಿಲ್ಲ, ಅರ್ಧ ಗಂಟೆ ಬಿಟ್ಟು ಶುರು ಮಾಡಿ. ಡಿಸೆಂಬರ್–ಜನವರಿಯ ಬೆಂಗಳೂರಿನ ಚಳಿಯಲ್ಲಿ ಬೆಳಿಗ್ಗೆ ಮೈ ಮರಗಟ್ಟಿದಂತಿರುತ್ತದೆ. ಹೊಸಬರಿಗೆ ಆ ಎರಡು ತಿಂಗಳು ಸಂಜೆಯೇ ವಾಸಿ.

ಬೇಕಾಗುವ ಸಾಮಾನು

ಮ್ಯಾಟ್: 4 ಮಿ.ಮೀ. ಸುಮಾರಿನದು ಸಾಕು. ಮೆತ್ತಗಿರಲಿ ಎಂದು 8–10 ಮಿ.ಮೀ. ದಪ್ಪದ್ದು ತರುತ್ತಾರೆ. ಅದರಲ್ಲಿ ಕಾಲು ಹೂತು, ಹರಡು (ಪಾದದ ಮೇಲಿನ ಗಿಣ್ಣು) ಅಲುಗಾಡುತ್ತದೆ, ಅಂಗಾಲಿಗೆ ನೆಲ ಸಿಗುವುದಿಲ್ಲ. ಹೊಸ ಮ್ಯಾಟ್ ಜಾರಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ಹಿಡಿತ ಬರುತ್ತದೆ. ಮ್ಯಾಟೇ ಟೈಲ್ಸ್ ಮೇಲೆ ಜಾರುತ್ತಿದ್ದರೆ ತಪ್ಪು ಸಾಮಾನ್ಯವಾಗಿ ನೆಲದ ದೂಳಿನದು. ಅಡಿಭಾಗವನ್ನೂ ನೆಲವನ್ನೂ ಒರೆಸಿಕೊಳ್ಳಿ.

ಇಟ್ಟಿಗೆ: ಎರಡು. ಮರದ್ದು ಅಥವಾ ಗಟ್ಟಿ ಫೋಮಿನದು. ಅಳತೆ ಹೆಚ್ಚುಕಡಿಮೆ ಮನೆ ಕಟ್ಟುವ ಇಟ್ಟಿಗೆಯದೇ: 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ. ನಿಲ್ಲಿಸಿದರೆ, ಮಗ್ಗುಲಾಗಿಸಿದರೆ, ಮಲಗಿಸಿದರೆ ಮೂರು ಎತ್ತರ ಸಿಗುತ್ತವೆ. ಕೈಯಲ್ಲಿ ಹಿಚುಕಿದರೆ ಅಮುಕಿಕೊಳ್ಳುವ ಹಗುರ ಫೋಮ್ ಬೇಡ, ಭಾರ ಬಿಟ್ಟಾಗ ಮಗುಚುತ್ತದೆ.

ಕುರ್ಚಿ: ಕಲ್ಯಾಣ ಮಂಟಪಗಳಲ್ಲಿ ಹಾಕುತ್ತಾರಲ್ಲ, ಕಬ್ಬಿಣದ ಮಡಚುವ ಕುರ್ಚಿ, ಅದು. ನಾಲ್ಕೂ ಕಾಲು ಮ್ಯಾಟ್ ಮೇಲೇ ಇರಲಿ. ಪ್ಲಾಸ್ಟಿಕ್ ಕುರ್ಚಿ ಖಂಡಿತ ಬೇಡ. ಪಕ್ಕಕ್ಕೆ ಭಾರ ಬಿದ್ದರೆ ಅದರ ಕಾಲುಗಳು ಅಗಲಿಸಿಕೊಳ್ಳುತ್ತವೆ. ಚಕ್ರದ ಆಫೀಸ್ ಕುರ್ಚಿಯ ಮಾತೇ ಬೇಡ.

ಬೆಲ್ಟನ್ನು ಈಗಲೇ ಕೊಳ್ಳಬೇಕಿಲ್ಲ. ಹಳೆಯ ಹತ್ತಿ ಪಂಚೆಯನ್ನು ಉದ್ದಕ್ಕೆ ಮಡಚಿಕೊಂಡರೆ ಆಯಿತು. ಹೊದಿಕೆಗಳು ಮಾತ್ರ ಮೂರು ಬೇಕು, ಅವೂ ಮಡಚಿದರೆ ಮಡಿಕೆ ನಿಲ್ಲುವಂಥ ಗಟ್ಟಿ ನೇಯ್ಗೆಯವು. ಜಮಖಾನ ಇದಕ್ಕೆ ಹೇಳಿ ಮಾಡಿಸಿದ್ದು. ಪುಸುಪುಸು ರಜಾಯಿ ಕೂತ ತಕ್ಷಣ ಚಪ್ಪಟೆಯಾಗುತ್ತದೆ, ಪ್ರಯೋಜನವಿಲ್ಲ.

ಹಂತ 1: ಗೋಡೆ, ನೆಲದ ಗೆರೆ

ಐದಾರು ಅಡಿ ಖಾಲಿ ಗೋಡೆ ಹುಡುಕಿ. ವಾರ್ಡ್‌ರೋಬ್, ಟಿವಿ, ಸೋಫಾ ಎಲ್ಲ ಸೇರಿ ಗೋಡೆಯೇ ಉಳಿದಿಲ್ಲ ಎಂದರೆ ಪ್ಯಾಸೇಜಿನ ಗೋಡೆಯಾದರೂ ಆದೀತು. ಗೋಡೆಯ ಬುಡದಲ್ಲಿ ಸ್ಕರ್ಟಿಂಗ್ ಪಟ್ಟಿ ಅರ್ಧ ಇಂಚು ಮುಂದಕ್ಕೆ ಚಾಚಿರುತ್ತದೆ, ಗಮನವಿರಲಿ. ಹಿಮ್ಮಡಿಯನ್ನು ಅದಕ್ಕೆ ತಾಗಿಸಿ ನಿಲ್ಲಬೇಡಿ. ಹಿಮ್ಮಡಿ ಗೋಡೆಯಿಂದ ಒಂದೆರಡು ಇಂಚು ಈಚೆಗಿರಲಿ.

ಈಗಿನ ಮನೆಗಳಲ್ಲಿ ಟೈಲ್ಸ್ ಹೆಚ್ಚಾಗಿ 2 ಅಡಿಯ ಚೌಕ. ಎರಡು ಟೈಲ್ಸ್ ನಡುವಿನ ಗೆರೆಯೇ ನಿಮ್ಮ ಸ್ಕೇಲು. ನಿಂತು ಮಾಡುವ ಆಸನಕ್ಕೆ ಎಷ್ಟು ಅಗಲ ನಿಂತಿರಿ, ಎರಡೂ ಪಾದ ಒಂದೇ ಸಾಲಿನಲ್ಲಿವೆಯೇ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಹಾಗಾಗಿ ನಿಂತು ಮಾಡುವಾಗ ಮ್ಯಾಟ್ ಬಿಟ್ಟು ಬರಿಗಾಲಲ್ಲಿ ಟೈಲ್ಸ್ ಮೇಲೇ ನಿಂತರೂ ಸರಿ. ಕಾಲು ಜಾರುತ್ತಿದ್ದರೆ ಮ್ಯಾಟ್ ಹಾಸಿ ಅದರ ಮೇಲೆ ಚಾಕ್‌ಪೀಸಿನಿಂದ ಗೆರೆ ಎಳೆದುಕೊಳ್ಳಿ. ಹಳೇ ಬಸವನಗುಡಿ, ಮಲ್ಲೇಶ್ವರದ ಕೆಂಪು ರೆಡ್ ಆಕ್ಸೈಡ್ ನೆಲದ ಮನೆಯವರಿಗೂ ಚಾಕ್‌ಪೀಸೇ ಗತಿ. ಸಾಕ್ಸ್ ಹಾಕಿಕೊಂಡು ಮಾತ್ರ ಯಾವ ನೆಲದ ಮೇಲೂ ಬೇಡ. ಲಾಲ್‌ಬಾಗಿನ ಹುಲ್ಲಿನ ಮೇಲೆ ಮಾಡುವುದು ಮನಸ್ಸಿಗೆ ಹಿತ, ಆದರೆ ಏರುತಗ್ಗಿನ ನೆಲದಲ್ಲಿ ಪಾದದ ಪಾಠ ಕಲಿಯಲಾಗದು.

ಹಂತ 2: ತಾಡಾಸನ, ಅಂದರೆ ನಿಲ್ಲುವುದು

ನಿಲ್ಲುವುದರಲ್ಲಿ ಏನಿದೆ ಎನ್ನುವವರು ತಮ್ಮ ಹಳೆಯ ಚಪ್ಪಲಿಯ ಅಟ್ಟೆ ತಿರುಗಿಸಿ ನೋಡಲಿ. ಒಂದು ಅಂಚು ಹೆಚ್ಚು ಸವೆದಿರುತ್ತದೆ. ನೀವು ದಿನವಿಡೀ ಭಾರ ಬಿಡುವುದು ಆ ಅಂಚಿನ ಮೇಲೆ.

ಗೋಡೆಗೆ ಬೆನ್ನು ಮಾಡಿ, ಹೆಬ್ಬೆರಳುಗಳೂ ಹಿಮ್ಮಡಿಗಳೂ ಜೋಡಿಸಿ ನಿಲ್ಲಿ. ತೂರಾಡಿದರೆ ಪಾದಗಳ ನಡುವೆ ಮೂರು–ನಾಲ್ಕು ಇಂಚು ಬಿಡಿ. ಪಾದಕ್ಕೆ ನಾಲ್ಕು ಮೂಲೆ ಇದೆ ಎಂದುಕೊಳ್ಳಿ: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿಯ ಒಳಬದಿ, ಹೊರಬದಿ. ನಾಲ್ಕಕ್ಕೂ ಭಾರ ಸಮ ಹಂಚಿ. ಬೆರಳುಗಳು ನೆಲವನ್ನು ಉಗುರಿನಂತೆ ಕಚ್ಚಬಾರದು.

ಆಮೇಲೆ ಮಂಡಿಚಿಪ್ಪು ಮೇಲೆತ್ತಿ. ಶಿಕ್ಷಕರು ಇದನ್ನು ನೂರು ಸಲ ಹೇಳುತ್ತಾರೆ, ಹೊಸಬರಿಗೆ ಅರ್ಥವಾಗುವುದಿಲ್ಲ. ಮಂಡಿಯ ಮೇಲೆ ಬೆರಳಿಟ್ಟು ತೊಡೆಯ ಮುಂಭಾಗ ಬಿಗಿ ಮಾಡಿ: ಚಿಪ್ಪು ಬೆರಳಡಿ ಮೇಲಕ್ಕೆ ಸರಿಯುತ್ತದೆ. ಮಂಡಿಯನ್ನು ಹಿಂದಕ್ಕೆ ತಳ್ಳಿದರೆ ಚಿಪ್ಪು ಸರಿಯುವುದಿಲ್ಲ, ಕೀಲಿನ ಹಿಂಬದಿಗೆ ಒತ್ತಡ ಬೀಳುತ್ತದೆ ಅಷ್ಟೇ. ಈ ವ್ಯತ್ಯಾಸ ಇಲ್ಲಿ ಕೈಗೆ ಹತ್ತದಿದ್ದರೆ ಮುಂದಿನ ಯಾವ ಆಸನದಲ್ಲೂ ಹತ್ತುವುದಿಲ್ಲ. ತೊಡೆಗಳ ನಡುವೆ ಇಟ್ಟಿಗೆ ಹಿಡಿದು, ಅದನ್ನು ಗೋಡೆಯ ಕಡೆ ಒತ್ತಿ ನೋಡಿ.

ಪೃಷ್ಠ ಮತ್ತು ಹೆಗಲ ಹಲಗೆಗಳು (ಬೆನ್ನ ಮೇಲಿನ ಎರಡು ಚಪ್ಪಟೆ ಮೂಳೆಗಳು) ಗೋಡೆಗೆ ತಾಗಲಿ. ಲ್ಯಾಪ್‌ಟಾಪ್ ಮುಂದೆ ಕೂತು ಕೂತು ಕತ್ತು ಮುಂದೆ ಬಂದವರಿಗೆ ತಲೆ ಗೋಡೆಗೆ ತಾಗದು. ಗದ್ದ ಎತ್ತಿ ತಾಗಿಸಬೇಡಿ, ಹಾಗೇ ಬಿಡಿ. ಅರ್ಧ ನಿಮಿಷದಿಂದ ಒಂದು ನಿಮಿಷ, ಮಾಮೂಲಿ ಉಸಿರು.

ಹಂತ 3: ಅಡುಗೆಮನೆ ಕಟ್ಟೆಯ ಮೇಲೆ ಅರ್ಧ ಉತ್ತಾನಾಸನ

ಗ್ರಾನೈಟ್ ಕಟ್ಟೆಯನ್ನು ಒರೆಸಿ ಒಣಗಿಸಿ. ಭುಜದಗಲಕ್ಕೆ ಎರಡೂ ಅಂಗೈ ಇಟ್ಟು, ಸೊಂಟ ಹಿಮ್ಮಡಿಯ ನೇರಕ್ಕೆ ಬರುವವರೆಗೆ ಹಿಂದೆ ನಡೆಯಿರಿ. ಪಾದಗಳ ನಡುವೆ ಒಂದಡಿ. ಬೆನ್ನು ಮೇಜಿನ ಹಾಗೆ ಅಡ್ಡ ಬರಬೇಕು. ಕಟ್ಟೆಯನ್ನು ಕೈಯಿಂದ ಮುಂದಕ್ಕೆ ಒತ್ತಿ, ಸೊಂಟವನ್ನು ಹಿಂದಕ್ಕೆ ಎಳೆಯಿರಿ.

ಇಲ್ಲಿ ಎರಡು ಜಾತಿಯ ತಪ್ಪು. ಬಿಗಿ ಮೈಯವರ ಬೆನ್ನು ಆಮೆಯ ಚಿಪ್ಪಿನಂತೆ ಗುಂಡಾಗುತ್ತದೆ. ತೊಡೆಯ ಹಿಂಬದಿಯ ಸ್ನಾಯು ಬಿಗಿಯಿದ್ದು ಕಟಿಯನ್ನು ಕೆಳಗೆಳೆಯುವುದೇ ಕಾರಣ. ಮಂಡಿ ತುಸು ಮಡಚಿ, ಇಲ್ಲವೇ ಕೈಯನ್ನು ಗೋಡೆಯ ಮೇಲೆ ಇನ್ನೂ ಎತ್ತರಕ್ಕಿಡಿ. ಮೈ ಸಲೀಸಾಗಿ ಬಗ್ಗುವವರು ಕಂಕುಳಲ್ಲಿ ಜೋತುಬಿದ್ದು ಬೆನ್ನು ಹಳ್ಳ ಮಾಡಿಕೊಳ್ಳುತ್ತಾರೆ. ಅವರು ತಲೆಯನ್ನು ತೋಳುಗಳ ಮಟ್ಟಕ್ಕೆ ಎತ್ತಿಟ್ಟುಕೊಳ್ಳಬೇಕು. ಹಿತವಾಗಿದೆ ಎಂದು ಈ ಎರಡನೇ ತಪ್ಪನ್ನು ಯಾರೂ ತಿದ್ದಿಕೊಳ್ಳುವುದಿಲ್ಲ. ಆರು ತಿಂಗಳ ಮೇಲೆ ಭುಜ ಹಿಡಿದುಕೊಂಡಾಗ ಕಾರಣ ಹೊಳೆಯುವುದೂ ಇಲ್ಲ.

ಮೂವತ್ತು ಸೆಕೆಂಡ್. ಮುಂದೆ ನಡೆದು ಬಂದು ನಿಧಾನ ಏಳಿ.

ಹಂತ 4: ಉತ್ಥಿತ ತ್ರಿಕೋಣಾಸನ

ಹೊಸಬರು ಅತಿ ಹೆಚ್ಚು ಕೆಡಿಸುವ ಆಸನ ಇದೇ. ಎಲ್ಲರ ಕಣ್ಣೂ ಕೈ ನೆಲ ಮುಟ್ಟುವುದರ ಮೇಲೆ. ಅದನ್ನು ಮರೆತುಬಿಡಿ.

ಗೋಡೆಗೆ ಬೆನ್ನು ಮಾಡಿ ಕಾಲು ಅಗಲಿಸಿ: ಹಿಮ್ಮಡಿಗಳ ನಡುವೆ 3ರಿಂದ ಮೂರೂವರೆ ಅಡಿ, ಅಂದರೆ ಒಂದೂವರೆ ಟೈಲ್ಸ್‌ಗಿಂತ ತುಸು ಹೆಚ್ಚು. ತೋಳು ಪಕ್ಕಕ್ಕೆ ಚಾಚಿದರೆ ಹರಡುಗಳು ಮೊಣಕೈ–ಮಣಿಕಟ್ಟುಗಳ ನಡುವಿನ ನೇರಕ್ಕೆ ಬರಬೇಕು. ಬಲಪಾದ ಪೂರ್ತಿ ಬಲಕ್ಕೆ ತಿರುಗಲಿ, ಎಡಪಾದ ಸ್ವಲ್ಪ ಒಳಕ್ಕೆ. ಟೈಲ್ಸ್ ಗೆರೆ ಬಲ ಹಿಮ್ಮಡಿಯ ನಡುವಿನಿಂದ ಹೊರಟು ಎಡ ಅಂಗಾಲಿನ ಕಮಾನಿನ ನಡುವೆ ಹಾಯಬೇಕು. ಬಲ ಹರಡಿನ ಹಿಂದೆ, ಪಾದಕ್ಕೂ ಗೋಡೆಗೂ ನಡುವೆ, ಇಟ್ಟಿಗೆ ನಿಲ್ಲಿಸಿಡಿ. ಒಂದು ಇಟ್ಟಿಗೆ ಸಾಲದಿದ್ದರೆ ಕುರ್ಚಿಯ ಸೀಟು.

ಬಲಪಾದ ಮಾತ್ರ ತಿರುಗಿದರೆ ಸಾಲದು, ತೊಡೆಯೂ ಬುಡದಿಂದ ತಿರುಗಬೇಕು. ಮಂಡಿಚಿಪ್ಪಿನ ನೋಟ ಕಾಲಿನ ನಡುಬೆರಳಿನ ಕಡೆಗಿದೆಯೇ ಎಂದು ಬಗ್ಗುವ ಮೊದಲೇ ನೋಡಿಕೊಳ್ಳಿ. ಚಿಪ್ಪು ಹೆಬ್ಬೆರಳಿಗಿಂತ ಒಳಗೆ ನೋಡುತ್ತಿದ್ದರೆ, ಮೇಲಿನಿಂದ ಬರುವ ಭಾರವನ್ನೆಲ್ಲ ಮಂಡಿ ತಿರುಚಿಕೊಂಡು ಹೊರುತ್ತದೆ.

ಎಡಗೈ ಸೊಂಟದ ಮೇಲೆ. ಉಸಿರು ಬಿಡುತ್ತಾ ಬಲ ತೊಡೆಸಂದಿನಲ್ಲಿ ಮಡಚಿಕೊಳ್ಳಿ. ಸೊಂಟ ಎಡಕ್ಕೆ ಜರುಗಲಿ, ಪಕ್ಕೆಲುಬುಗಳು ಬಲಕ್ಕೆ ಉದ್ದವಾಗಲಿ. ಬಲಗೈ ಇಟ್ಟಿಗೆಯ ಮೇಲಿಡಿ ಅಥವಾ ಕಣಕಾಲಿನ (ಮಂಡಿಗೂ ಹರಡಿಗೂ ನಡುವಿನ ಭಾಗ) ಮೇಲಿಡಿ, ಮಂಡಿಯ ಮೇಲೆ ಬೇಡ. ಎಲ್ಲಿಗೆ ನಿಲ್ಲಿಸಬೇಕು? ಬಲ ಮಗ್ಗುಲಿನ ಪಕ್ಕೆಲುಬುಗಳ ಮೇಲೆ ಗಮನವಿಡಿ. ಅವು ಸುಕ್ಕಾಗಿ, ಎಡ ಮಗ್ಗುಲು ಬಿಲ್ಲಿನಂತೆ ಉಬ್ಬಿದರೆ ಅತಿಯಾಯಿತು. ಎರಡೂ ಮಗ್ಗುಲು ಸಮ ಉದ್ದ ಇರುವಷ್ಟಕ್ಕೆ ಇಟ್ಟಿಗೆ ಎತ್ತರಿಸಿ.

ಎಡ ಹಿಮ್ಮಡಿಯ ಹೊರ ಅಂಚು ನೆಲಕ್ಕೆ ಒತ್ತಿರಲಿ. ಭಾರ ಬಲಗಾಲಿಗೆ ಸುರಿದ ಕೂಡಲೇ ಅದು ಹಗುರಾಗುತ್ತದೆ, ಪೂರ್ತಿ ಆಸನ ಕುಸಿಯುವುದೇ ಅಲ್ಲಿಂದ. ಎಡ ಸೊಂಟ ತುಸು ಮುಂದೆ ಬರುವುದು ಸಹಜ. ಗೋಡೆಗೆ ಚಪ್ಪಟೆಯಾಗಿ ಅಂಟಿಸಲು ಹಟ ಬೇಡ, ಅದರ ಬೆಲೆ ಮಂಡಿಯೋ ಕೆಳಬೆನ್ನೋ ತೆರುತ್ತದೆ. ಎಡ ಭುಜ ಮಾತ್ರ ಗೋಡೆಯ ಕಡೆ ಹೊರಳಲಿ. ಎಲ್ಲ ಸ್ಥಿರವಾದ ಮೇಲೆ ಎಡಗೈ ಮೇಲೆತ್ತಿ. ನೋಟ ಎದುರಿಗೇ ಇರಲಿ; ಮೇಲೆ ನೋಡುವುದು ತಿಂಗಳ ಮೇಲಾದರೂ ಆಯಿತು.

ಮಂಡಿ ಹಿಂದಕ್ಕೆ ಬಾಗುತ್ತಿದೆಯೋ ಇಲ್ಲವೋ ನಿಮಗೆ ಕಾಣದು. ಫೋನನ್ನು ಎದುರಿಗೆ ಮಂಡಿಯೆತ್ತರಕ್ಕೆ ಒರಗಿಸಿಟ್ಟು ವಿಡಿಯೋ ಮಾಡಿ. ಸೊಂಟದಿಂದ ಹರಡಿನವರೆಗೆ ಬಲಗಾಲು ನೇರ ಕೋಲಿನಂತಿರಬೇಕು. ಮಂಡಿ ಎಡಗಾಲಿನ ಕಡೆ ತಗ್ಗಿ ಬಿಲ್ಲಾಗಿದ್ದರೆ ಅದೇ ಹೈಪರ್‌ಎಕ್ಸ್‌ಟೆನ್ಷನ್ (ಕೀಲು ತನ್ನ ನೇರ ಮೀರಿ ಹಿಂದಕ್ಕೆ ಹೋಗುವುದು). ಮಂಡಿಯನ್ನು ಕೂದಲೆಳೆಯಷ್ಟು ಮಡಚಿ, ಹೆಬ್ಬೆರಳಿನ ಬುಡ ಒತ್ತಿ, ಆಮೇಲೆ ಚಿಪ್ಪು ಎತ್ತಿ. ತೊಡೆ ಬಿಗಿಯಾಗಿ ಕಾಲು ನಡುಗಿದರೆ ಒಳ್ಳೆಯದೇ.

ಮೊದಲು 20 ಸೆಕೆಂಡ್, ಆಮೇಲೆ 30–40. ಏಳುವಾಗ ಮುಂದಕ್ಕೆ ಬಗ್ಗಬೇಡಿ. ಎಡ ಹಿಮ್ಮಡಿ ಒತ್ತಿ, ಉಸಿರು ತೆಗೆದುಕೊಳ್ಳುತ್ತಾ ಪಕ್ಕದಿಂದಲೇ ಏಳಿ. ಎಡಕ್ಕೂ ಮಾಡಿ, ಎರಡೆರಡು ಸಲ.

ಹಂತ 5: ವೀರಭದ್ರಾಸನ 2

ಎರಡು ಟೈಲ್ಸ್, ಅಂದರೆ 4 ಅಡಿ ಅಗಲ. ಪಾದಗಳ ಸಾಲು ಹಿಂದಿನಂತೆಯೇ. ಬಲಮಂಡಿ ಮಡಚಿದಾಗ ಅದು ಹರಡಿನ ನೇರ ಮೇಲಿರಲಿ, ಕಣಕಾಲು ಕಂಬದಂತೆ ಲಂಬ. ಮಂಡಿ ಒಳಕ್ಕೆ ಬೀಳುವುದು ಇಲ್ಲಿನ ಮಾಮೂಲಿ ತಪ್ಪು. ತೊಡೆ ಅಡ್ಡ ಬರಲೇಬೇಕೆಂದಿಲ್ಲ. ಕಷ್ಟವಾದರೆ ಕುರ್ಚಿಯನ್ನು ತೊಡೆಯಡಿ ಸರಿಸಿಕೊಂಡು ಭಾರ ಬಿಡಿ. 15–20 ಸೆಕೆಂಡ್ ಸಾಕು.

ಹಂತ 6: ಕೂರುವುದು, ತಿರುಗುವುದು

ಚಕ್ಕಂಬಟ್ಟಲು ಹಾಕಿ ಕೂತು ನೋಡಿ. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಬೆನ್ನು ಕುಸಿಯದೆ ವಿಧಿಯಿಲ್ಲ. ಜಮಖಾನ ಮಡಚಿ ಮೂರು–ನಾಲ್ಕು ಇಂಚಿನ ಗದ್ದುಗೆ ಮಾಡಿ, ಅದರ ಅಂಚಿನ ಮೇಲೆ ಕೂರಿ. ಇನ್ನೂ ಸಾಲದೆಂದರೆ ಇನ್ನೊಂದು ಮಡಿಕೆ. ಇದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ನಿಮಿಷದ ಮೇಲೆ ಅಡ್ಡ ಹಾಕಿದ ಕಾಲು ಅದಲು ಬದಲು ಮಾಡಿ.

ಆಮೇಲೆ ಕುರ್ಚಿಯ ಮೇಲೆ ಭರದ್ವಾಜಾಸನ. ಬಲ ಮಗ್ಗುಲು ಒರಗಿನ ಕಡೆಗಿರುವಂತೆ ಅಡ್ಡ ಕೂತು, ಮಂಡಿಗಳ ನಡುವೆ ಇಟ್ಟಿಗೆ ಹಿಡಿಯಿರಿ. ಪಾದ ನೆಲಕ್ಕೆ ಎಟುಕದಿದ್ದರೆ ಅಡಿಗೂ ಇಟ್ಟಿಗೆ ಇಡಿ. ಉಸಿರು ತೆಗೆದುಕೊಂಡು ಬೆನ್ನು ಉದ್ದ ಮಾಡಿ, ಬಿಡುತ್ತಾ ಬಲಕ್ಕೆ ತಿರುಗಿ ಎರಡೂ ಕೈಯಿಂದ ಒರಗು ಹಿಡಿಯಿರಿ. ಒಂದು ಮಂಡಿ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ ತಿರುಗಿದ್ದು ಬೆನ್ನಲ್ಲ, ಸೊಂಟ. ಕೈಬಲದಿಂದ ಹಿಂಡಿ ‘ಲಟಕ್’ ಎನ್ನಿಸುವ ಅಭ್ಯಾಸ ಬಿಡಿ. ಕತ್ತು ಕೊನೆಯಲ್ಲಿ ತಿರುಗಲಿ. ಎರಡೂ ಕಡೆ, ಎರಡು ಸಲ, 20 ಸೆಕೆಂಡ್.

ಹಂತ 7: ಶವಾಸನ

ದಿನವಿಡೀ ಕೂತು ಸೊಂಟ ಹಿಡಿದಿದ್ದರೆ ಮೊದಲು ಮಲಗಿ, ಮೀನಖಂಡಗಳನ್ನು ಕುರ್ಚಿಯ ಸೀಟಿನ ಮೇಲಿಟ್ಟು ಐದು ನಿಮಿಷ ಬಿಡಿ. ಬರೀ ಇದಕ್ಕಾಗಿ ಯೋಗ ಮಾಡುವವರೂ ಇದ್ದಾರೆ.

ಆಮೇಲೆ ಕಾಲು ಚಾಚಿ. ಗದ್ದ ಹಣೆಗಿಂತ ಎತ್ತರವಿದ್ದರೆ ಕತ್ತಿನ ಹಿಂಬದಿ ಮುದುಡುತ್ತದೆ, ತಲೆಯಡಿ ಒಂದು ಮಡಿಕೆ ಹೊದಿಕೆ ಇಡಿ. ದಿಂಬು ಅತಿ ಎತ್ತರವಾಗುತ್ತದೆ. ಐದರಿಂದ ಹತ್ತು ನಿಮಿಷ. ಸುಮ್ಮನೆ ಮಲಗಿದಾಗ ಮೈ ಬೇಗ ತಣ್ಣಗಾಗುವುದರಿಂದ ಹೊದ್ದುಕೊಂಡೇ ಮಲಗಿ. ಏಳುವಾಗ ಬಲಕ್ಕೆ ಹೊರಳಿ, ಕೈ ಊರಿ ಎದ್ದುಕೊಳ್ಳಿ. ತಲೆ ಕೊನೆಯಲ್ಲಿ ಮೇಲೆ ಬರಲಿ.

ಎಷ್ಟು ದಿನ, ಎಷ್ಟು ಹೊತ್ತು

ಮೊದಲ ಎರಡು ವಾರ ಹಂತ 2, 3, 6, 7 ಮಾತ್ರ, ಅರ್ಧ ಗಂಟೆ. ಮೂರನೇ ವಾರ ತ್ರಿಕೋಣಾಸನ, ಐದನೇ ವಾರ ವೀರಭದ್ರಾಸನ ಸೇರಿಸಿ. ಒಟ್ಟು ಮುಕ್ಕಾಲು ಗಂಟೆ ಆಗುತ್ತದೆ. ವಾರಕ್ಕೆ ನಾಲ್ಕು ದಿನ ಸಾಕು. ಪ್ರಾಣಾಯಾಮ ಈಗಲೇ ಬೇಡ. ನೆಟ್ಟಗೆ ಕೂರಲಾಗದ ಎದೆಯಲ್ಲಿ ಉಸಿರನ್ನು ಹಿಡಿದು ಆಡಿಸಲು ಹೋದರೆ ಬಿಗಿತವೇ ಹೆಚ್ಚುತ್ತದೆ. ಈ ಪದ್ಧತಿಯಲ್ಲಿ ಅದು ಆಸನ ಪಳಗಿದ ಮೇಲಿನ ಪಾಠ.

ನೋವಿನ ಲೆಕ್ಕ ಹೀಗೆ: ಸ್ನಾಯುವಿನ ನಡುಭಾಗದಲ್ಲಿ ಮಂದವಾಗಿ ಎಳೆದಂತಾದರೆ ಸರಿ. ಕೀಲಿನಲ್ಲಿ ಚುಚ್ಚಿದರೆ, ಜುಮ್ಮೆಂದರೆ, ಮರಗಟ್ಟಿದರೆ ಆಗಲೇ ಹೊರಬನ್ನಿ. ಕೂತಾಗ ನೆಲಕ್ಕೊತ್ತುವ ಪೃಷ್ಠದ ಮೂಳೆಯ ಹತ್ತಿರ ಎಳೆದ ನೋವಿದ್ದರೆ ಬಗ್ಗುವ ಆಸನಗಳನ್ನು ನಿಲ್ಲಿಸಿ. ಅಲ್ಲಿ ತೊಡೆ ಸ್ನಾಯುವಿನ ಬುಡವಿದೆ, ಕೆಣಕಿದರೆ ತಿಂಗಳುಗಟ್ಟಲೆ ವಾಸಿಯಾಗದು.

ಕ್ಲಾಸಿಗೆ ಸೇರುವವರಿಗೆ

ನಿಜ ಹೇಳಬೇಕೆಂದರೆ, ಒಂದೆರಡು ತಿಂಗಳಾದರೂ ಶಿಕ್ಷಕರ ಕಣ್ಣೆದುರು ಮಾಡಲೇಬೇಕು. ಕ್ಲಾಸ್ ಮನೆಗೆ ಹತ್ತಿರವಿರಲಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಹೋಗುವ ಕ್ಲಾಸು ಎಷ್ಟೇ ಚೆನ್ನಾಗಿದ್ದರೂ ಎರಡನೇ ತಿಂಗಳಿಗೆ ತಪ್ಪಿಹೋಗುತ್ತದೆ. ಸೇರುವ ಮುಂಚೆ ಕೇಳಿ: ಅಯ್ಯಂಗಾರ್ ಪದ್ಧತಿಯ ಪ್ರಮಾಣಪತ್ರ ಇದೆಯೇ, ಹೊಸಬರಿಗೆ ಬೇರೆ ಬ್ಯಾಚ್ ಇದೆಯೇ, ಎಲ್ಲರಿಗೂ ಸಾಲುವಷ್ಟು ಇಟ್ಟಿಗೆ, ಕುರ್ಚಿ ಇವೆಯೇ? ಒಂದು ಕ್ಲಾಸ್ ಕೂತು ನೋಡಲು ಬಿಡುತ್ತಾರೆಯೇ ಎಂದೂ ವಿಚಾರಿಸಿ. ಶಿಕ್ಷಕರು ಮ್ಯಾಟಿನ ಮೇಲೇ ನಿಂತು ಪೂರ್ತಿ ತಾವೇ ಆಸನ ಹಾಕುತ್ತಿದ್ದರೆ ನಿಮ್ಮ ಮಂಡಿಯನ್ನು ನೋಡುವವರು ಯಾರು? ನಿಮಗಿರುವ ಕಾಯಿಲೆಗಳ ಬಗ್ಗೆ ಕೇಳದೆ ಮೊದಲ ವಾರವೇ ಶೀರ್ಷಾಸನಕ್ಕೆ ಎತ್ತುವ ಕಡೆ ನಿಲ್ಲಬೇಡಿ.

ಹತ್ತೇ ನಿಮಿಷ ಇರುವ ದಿನ

ತಾಡಾಸನ ಒಂದು ನಿಮಿಷ, ಅಡುಗೆಮನೆ ಕಟ್ಟೆ ಎರಡು ಸಲ, ಕುರ್ಚಿಯಲ್ಲಿ ಎರಡೂ ಕಡೆ ತಿರುಗುವುದು, ಮೀನಖಂಡ ಕುರ್ಚಿಯ ಮೇಲಿಟ್ಟು ಐದು ನಿಮಿಷ. ತ್ರಿಕೋಣಾಸನವನ್ನು ಆ ದಿನ ಮುಟ್ಟಬೇಡಿ. ಅವಸರದಲ್ಲಿ ಮೊದಲು ಮರೆಯುವುದು ಹಿಂದಿನ ಹಿಮ್ಮಡಿಯನ್ನೇ.